ಓಟದ ಹಾದಿಯ ಅರವಟ್ಟಿಗೆ

ಮದುವೆಯ ಮನೆಗೆ ಹೋದವರೆಲ್ಲರೂ ವಧೂವರರನ್ನು ನೋಡಿ ಬರುತ್ತಾರೆ. ಹಿತ್ತಲಿನಲ್ಲಿ ಕಾಯಿ ತುರಿಯುತ್ತ ಕುಳಿತವರನ್ನು ಯಾರೂ ನೋಡುವುದಿಲ್ಲ. ಕಾಯಿ ತುರಿಯುವವರಿಗಾದರೂ ಧಾರೆಯ ಹೊತ್ತಿನಲ್ಲಿ ಮಂಟಪದ ಕಡೆ ಕತ್ತೆತ್ತಿ ನೋಡಲು ಪುರುಸೊತ್ತು ಎಲ್ಲಿಯದು? 2024ರ ಏಪ್ರಿಲ್ 28, ಭಾನುವಾರ, ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಓಟದಲ್ಲಿ ನನ್ನ ಪಾಲಿಗೆ ಬಂದದ್ದು ಇಂಥ ಕಾಯಿ ತುರಿಯುವ ಕೆಲಸ. ಜಗತ್ತಿನ ಹೆಸರಾಂತ ಓಟಗಾರರು ನನ್ನಿಂದ ನಾಲ್ಕು ಮಾರು ದೂರದಲ್ಲಿ ಹಾದು ಹೋದರು. ಅವರ ಬೆನ್ನನ್ನು ಸಹ ನಾನು ಸರಿಯಾಗಿ ಕಾಣಲಿಲ್ಲ. ಆದರೂ ಆ ದಿನ ನಾನು ಕಂಡದ್ದನ್ನು, ಅದಕ್ಕಿಂತ ಹೆಚ್ಚಾಗಿ ನಾನು ಮಾಡಿದ ಒಂದು ತಪ್ಪನ್ನು, ಹೇಳಿಕೊಳ್ಳದೆ ಇರಲಾರೆ.

ಈ ಓಟವನ್ನು ನಮ್ಮ ಊರಿನವರು ಚುಟುಕಾಗಿ ‘ಟೆನ್ ಕೆ’ ಎಂದು ಕರೆಯುತ್ತಾರೆ. ಹತ್ತು ಕಿಲೊಮೀಟರುಗಳ ರಸ್ತೆಯ ಓಟ. 2008ರ ಮೇ ತಿಂಗಳಿನಲ್ಲಿ ಮೊದಲಾದ ಇದಕ್ಕೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ಸ್ವರ್ಣ ಮಾನ್ಯತೆಯಿದೆ. ಕೆನ್ಯ, ಇಥಿಯೋಪಿಯ, ಉಗಾಂಡ ದೇಶಗಳ ಓಟಗಾರರು ಇದಕ್ಕಾಗಿಯೇ ವಿಮಾನವೇರಿ ಬರುತ್ತಾರೆ. ಇದರ ವಿಶೇಷವೆಂದರೆ, ಅದೇ ಬೆಳಗ್ಗೆ ಅವರು ಓಡುವ ಬೀದಿಗಳಲ್ಲೇ ಸಾಮಾನ್ಯರೂ ಓಡುತ್ತಾರೆ. ಬ್ಯಾಂಕಿನ ಗುಮಾಸ್ತರು, ಕಾಲೇಜಿನ ಹುಡುಗಿಯರು, ‘ಸಕ್ಕರೆ ಇಳಿಯಬೇಕಾದರೆ ನಡೆಯಿರಿ’ ಎಂದು ವೈದ್ಯರಿಂದ ಹೇಳಿಸಿಕೊಂಡು ನಡಿಗೆಯಿಂದ ಓಟಕ್ಕೆ ಬಡ್ತಿ ಪಡೆದವರು, ಹೀಗೆ 20,000ಕ್ಕೂ ಮಿಕ್ಕ ಜನ. ಇಷ್ಟು ಜನ ಓಡಬೇಕಾದರೆ ಓಡದೆ ನಿಲ್ಲುವವರೂ ಬೇಕು. ಅವರ ಚೀಲಗಳನ್ನು ಕಾಯುವವರು, ತಿರುವಿನಲ್ಲಿ ನಿಂತು ದಾರಿ ತೋರುವವರು, ಬಿದ್ದವರನ್ನು ಎತ್ತುವವರು, ಕೊನೆಯಲ್ಲಿ ಕೊರಳಿಗೆ ಪದಕ ಹಾಕುವವರು, ನಡುದಾರಿಯಲ್ಲಿ ನೀರು ಕೊಡುವವರು.

ನಾವಿರುವುದು ಬೆಂಗಳೂರಿನ ದಕ್ಷಿಣದ ಅಂಚಿನ ಸುಬ್ರಹ್ಮಣ್ಯಪುರದಲ್ಲಿ. ಒಂದು ಕಡೆ ಉತ್ತರಹಳ್ಳಿ, ಇನ್ನೊಂದು ಕಡೆ ವಸಂತಪುರ. ಊರಿಗೆ ಒಂದು ಕೆರೆಯೂ ಉಂಟು. ಮಾರ್ಚ್ ತಿಂಗಳ ಒಂದು ಸಂಜೆ ಪಕ್ಕದ ಮನೆಯ ಹುಡುಗಿ, ಎಂಜಿನಿಯರಿಂಗ್ ಓದುತ್ತಿರುವವಳು, ಬಾಗಿಲಲ್ಲಿ ನಿಂತು, “ಆಂಟಿ, ಟೆನ್ ಕೆಗೆ ವಾಲಂಟಿಯರ್ ಆಗಿ ಬರ್ತೀರಾ? ನಮ್ಮ ಗುಂಪಿನಲ್ಲಿ ಇಬ್ಬರು ಕಡಿಮೆ ಬಿದ್ದಿದ್ದಾರೆ” ಎಂದಳು.

“ಅರವತ್ತೆರಡು ವರ್ಷದವಳನ್ನ ಓಡಿಸಬೇಕು ಅಂತಿದೀಯೇನೆ?” ಎಂದೆ.

“ಓಡೋದು ಬೇಡ ಆಂಟಿ. ನಿಂತುಕೊಂಡು ನೀರು ಕೊಟ್ಟರೆ ಸಾಕು.”

ಒಳಗೆ ಪತ್ರಿಕೆ ಓದುತ್ತಿದ್ದ ನಮ್ಮ ಮನೆಯವರು ಕನ್ನಡಕದ ಮೇಲಿನಿಂದ ನೋಡಿದರು. “ನೀರು? ಈ ವರ್ಷ? ಮನೆಯಲ್ಲಿ ಇಲ್ಲದ್ದನ್ನ ಬೀದಿಯಲ್ಲಿ ಕೊಡೋದಕ್ಕೆ ಹೋಗ್ತೀಯಾ?”

ಅವರ ಮಾತಿನಲ್ಲಿ ಅರ್ಥವಿಲ್ಲದೆ ಇರಲಿಲ್ಲ. ಆ ಬೇಸಿಗೆಯನ್ನು ಬೆಂಗಳೂರಿನವರು ಬೇಗ ಮರೆಯಲಾರರು. ಹಿಂದಿನ ವರ್ಷದ ಮಳೆ ಕೈಕೊಟ್ಟಿತ್ತು. ನಗರದ ಸುಮಾರು 14,000 ಸರಕಾರಿ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿವೆಯೆಂದು ಸರಕಾರವೇ ಹೇಳಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತ್ತು. ಟ್ಯಾಂಕರಿನವರು ಬಾಯಿಗೆ ಬಂದ ಬೆಲೆ ಕೇಳತೊಡಗಿದ ಮೇಲೆ, ಐದು ಕಿಲೊಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ ಎಂದು ದರ ಗೊತ್ತುಮಾಡಲಾಯಿತು. ದರ ಗೊತ್ತಾದ ಮೇಲೆ ಟ್ಯಾಂಕರನ್ನು ಕಾಣುವುದೇ ದುರ್ಲಭವಾಯಿತು. ನಮ್ಮ ಕಟ್ಟಡದಲ್ಲಿ ಎಂಟು ಮನೆ. ಫೆಬ್ರವರಿಯಲ್ಲಿಯೇ ನಮ್ಮ ಕೊಳವೆಬಾವಿ ಮೂರು ದಿನ ಕೆಸರು ಕಾರಿ, ನಾಲ್ಕನೆಯ ದಿನ ಬರಿಯ ಗಾಳಿಯನ್ನು ಉಸಿರಿ ಸುಮ್ಮನಾಯಿತು. ಅಂದಿನಿಂದ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ನಲ್ಲಿಯಲ್ಲಿ ನೀರು. ದುಡ್ಡನ್ನು ನೀರಿನಂತೆ ಚೆಲ್ಲುವುದು ಎಂದು ಹಿಂದಿನವರು ಹೇಳುತ್ತಿದ್ದರು; ನಾವು ಆ ವರ್ಷ ನೀರನ್ನು ದುಡ್ಡಿನಂತೆ ಎಣಿಸಿದೆವು. ಅಕ್ಕಿ ತೊಳೆದ ನೀರು ತುಳಸಿಗೆ, ಬಟ್ಟೆ ಹಿಂಡಿದ ನೀರು ನೆಲಕ್ಕೆ, ನೆಲ ಒರೆಸಿದ ನೀರು ಬಚ್ಚಲಿಗೆ. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕವನ್ನೂ ವಿಜ್ಞಾನವನ್ನೂ ಪಾಠ ಹೇಳಿದವಳಾದ ನನ್ನ ಕೈಯಲ್ಲಿ ಈ ನೀರಿನ ಖಾತೆ ಬಹು ಚೊಕ್ಕವಾಗಿ ನಡೆಯುತ್ತಿತ್ತೆಂದು ಜಂಬದಿಂದಲೇ ಹೇಳಿಕೊಳ್ಳುತ್ತಿದ್ದೆ.

ನಾನು ಹೋಗಬೇಕೋ ಬೇಡವೋ ಎಂಬ ಚರ್ಚೆಯನ್ನು ಮುಗಿಸಿದವರು ನಮ್ಮ ಅತ್ತೆ. ಎಂಬತ್ತಾರು ವರ್ಷದ ಅವರು ಮಂಚದ ಮೇಲಿಂದಲೇ, “ಯಾರೋ ಬಾಯಾರಿದವರಿಗೆ ನೀರು ಕೊಡು ಬಾ ಅಂತ ಕರೆದರೆ, ಬರೋದಿಲ್ಲ ಅನ್ನಬಾರದು ಕಣೆ” ಎಂದರು. “ನಮ್ಮಪ್ಪ ಪ್ರತಿ ಬೇಸಿಗೆ ಅರವಟ್ಟಿಗೆ ಇಡಿಸ್ತಿದ್ದರು.”

ಅವರ ತವರು ತುಮಕೂರಿನ ಕಡೆಯ ಒಂದು ಹಳ್ಳಿ. ರಾಮನವಮಿಯಿಂದ ಮುಂಗಾರಿನ ಮೊದಲ ಮಳೆಯವರೆಗೆ, ಸಂತೆಗೂ ಜಾತ್ರೆಗೂ ನಡೆದು ಹೋಗುವವರ ದಾರಿಯಲ್ಲಿ, ಹುಣಿಸೆಮರದ ಕೆಳಗೆ ಸೋಗೆಯ ಚಪ್ಪರ ಹಾಕಿ, ಒದ್ದೆ ಮರಳಿನ ಮೇಲೆ ಸಾಲಾಗಿ ಗುಡಾಣಗಳನ್ನು ಕೂರಿಸುತ್ತಿದ್ದರಂತೆ. ಒಂದರಲ್ಲಿ ನೀರು, ಒಂದರಲ್ಲಿ ಶುಂಠಿ ಕರಿಬೇವು ಹಾಕಿದ ನೀರುಮಜ್ಜಿಗೆ, ಹಬ್ಬದ ದಿನ ಇನ್ನೊಂದರಲ್ಲಿ ಬೆಲ್ಲದ ಪಾನಕ. ದಾರಿಹೋಕರು ಬೊಗಸೆ ಒಡ್ಡಿದರೆ ಮನೆಯ ಮಕ್ಕಳು ಗಿಂಡಿಯಿಂದ ಸುರಿಯಬೇಕು. “ಅದಕ್ಕೊಂದು ನೇಮ ಇತ್ತು. ಬೊಗಸೆ ಒಡ್ಡಿದವರು ಸಾಕು ಅಂತ ತಲೆ ಆಡಿಸೋ ತನಕ ಗಿಂಡಿ ನಿಲ್ಲಿಸಬಾರದು. ಮಧ್ಯದಲ್ಲಿ ನಿಲ್ಲಿಸಿದರೆ ನಮ್ಮಪ್ಪ ತಲೆಗೆ ಮೊಟಕೋರು” ಎಂದು ಅತ್ತೆ ನಕ್ಕರು. ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೆ ಎಲ್ಲರಿಗೂ ಒಂದೇ ತರಹ ಕೊಡ್ತಿರಲಿಲ್ಲ. ಕೆಲವರನ್ನ ದೂರ ನಿಲ್ಲಿಸಿ, ಬಿದಿರಿನ ದೋಣಿಯಲ್ಲಿ ಹಾಯಿಸೋರು. ನಾನೂ ಹಾಗೇ ಕೊಟ್ಟಿದ್ದೀನಿ. ಚಿಕ್ಕವಳು, ತಿಳೀತಿರಲಿಲ್ಲ” ಎಂದರು. ಅದನ್ನು ಅವರು ಅದಕ್ಕೆ ಮೊದಲು ನಮಗೆ ಹೇಳಿರಲಿಲ್ಲ.

ಸರಿ, ನಾನು ಹೆಸರು ಕೊಟ್ಟೆ.

ಸ್ವಯಂಸೇವಕರೆಂದರೆ ನಮ್ಮ ನಾಡಿಗೆ ಹೊಸಬರಲ್ಲ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನ ನಡೆದಾಗ, ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರ ಸೇವಾದಳದ ತರುಣರು ಜನಸಂದಣಿಯನ್ನು ನಡೆಸಿದರು. ವೇದಿಕೆಯ ಮೇಲಿನ ಭಾಷಣಗಳು ಪುಸ್ತಕವಾದವು. ಕೆಳಗೆ ದುಡಿದವರ ಹೆಸರುಗಳು ಬಹುಮಟ್ಟಿಗೆ ಕಾಗದಕ್ಕೆ ಬರಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇಂಥವರು ಸುಮಾರು 70,000 ಮಂದಿ ಇದ್ದರು. ದೊಡ್ಡ ಕೆಲಸಗಳೆಲ್ಲ ಇಂಥ ಹೆಸರಿಲ್ಲದವರ ಹೆಗಲ ಮೇಲೆಯೇ ನಡೆಯುವುವೆಂದು ನನಗೆ ನಾನೇ ಒಂದು ಸಣ್ಣ ಉಪನ್ಯಾಸ ಮಾಡಿಕೊಂಡು, ಭಾನುವಾರ ಬೆಳಗಿನ ಮೂರು ಗಂಟೆಗೆ ಎದ್ದೆ. ಎರಡು ತಂಬಿಗೆ ನೀರಿನಲ್ಲಿ ಸ್ನಾನ ಮುಗಿಸಿ ಪಕ್ಕದ ಮನೆಯ ಹುಡುಗಿಯೊಡನೆ ಬಾಡಿಗೆಯ ಕಾರು ಹತ್ತಿದೆ.

ನಮ್ಮ ಠಾಣ್ಯ ಹಲಸೂರು ಕೆರೆಯ ಕಡೆಯ ಒಂದು ರಸ್ತೆಯ ಬದಿ. ನಸುಗತ್ತಲಿನಲ್ಲಿ ಉದ್ದನೆಯ ಮೇಜುಗಳು, ಅವುಗಳ ಹಿಂದೆ ಆಳೆತ್ತರಕ್ಕೆ ಪೇರಿಸಿದ ಪೆಟ್ಟಿಗೆಗಳು, ಪೆಟ್ಟಿಗೆಯ ತುಂಬ ಕಾಲು ಲೀಟರಿನ ಪುಟ್ಟ ಬಾಟಲಿಗಳು. ನೀರು ಕೊಡುವುದರಲ್ಲಿ ಕಲಿಯುವುದು ಏನಿದೆ ಎಂದುಕೊಂಡಿದ್ದೆ, ಬಹಳ ಇತ್ತು. ಮುಚ್ಚಳದ ಬಿಗಿ ಬಿಡಿಸಿಡಬೇಕು, ಆದರೆ ತೆಗೆಯಬಾರದು. ಓಡುವವರ ಬೆವರಿದ ಕೈಗೆ ಬಿಗಿ ಮುಚ್ಚಳ ತಿರುಗುವುದಿಲ್ಲ. ಬಾಟಲಿಯ ಬುಡವನ್ನು ಹಿಡಿದು ತೋಳು ನೀಡಬೇಕು, ಕತ್ತು ಅವರ ಕೈಗೆ ಸಿಗಬೇಕು. ಅವರು ಹಿಡಿದ ಕ್ಷಣವೇ ಬಿಡಬೇಕು. ಗಟ್ಟಿಯಾಗಿ ಹಿಡಿದುಕೊಂಡರೆ ಬಾಟಲಿಯೊಡನೆ ನಾವೂ ಹೊರಟುಬಿಡುತ್ತೇವೆ. ಎಲ್ಲರೂ ಮೊದಲನೆಯ ಮೇಜಿಗೇ ಮುಗಿಬೀಳುವುದರಿಂದ, ಮುಂದೆಯೂ ನೀರಿದೆಯೆಂದು ಕೂಗಿ ಹೇಳಬೇಕು. ಮುಖ್ಯವಾಗಿ, ಬಿದ್ದ ಬಾಟಲಿಗಳನ್ನು ಆಗಾಗ ಬದಿಗೆ ಗುಡಿಸಬೇಕು. ಉರುಳುವ ಬಾಟಲಿಯ ಮೇಲೆ ಕಾಲಿಟ್ಟವರ ಪಾದ ಹೊರಳಿದರೆ ಅವರ ವರ್ಷದ ಅಭ್ಯಾಸ ಅಲ್ಲಿಗೆ ಮುಗಿಯಿತು.

ಮೊದಲಿಗೆ ಬಂದವರು ಒಬ್ಬಿಬ್ಬರು. ಆಮೇಲೆ ಹತ್ತು, ನೂರು, ಕಡೆಗೆ ಕಟ್ಟೆಯೊಡೆದಂತೆ ಜನ. ನೆಲಕ್ಕೆ ಬಡಿಯುವ ಅಷ್ಟು ಜೊತೆ ಕಾಲುಗಳ ಸದ್ದು ಹಂಚಿನ ಮಾಡಿನ ಮೇಲೆ ಮಳೆ ಬಿದ್ದ ಹಾಗೆ ಕೇಳಿಸುತ್ತದೆ. ಮಳೆಯ ಸದ್ದನ್ನೇ ಮರೆತಿದ್ದ ಆ ಏಪ್ರಿಲ್‌ನಲ್ಲಿ ಅದನ್ನು ಕೇಳಿ ನಾನೊಮ್ಮೆ ಆಕಾಶದ ಕಡೆ ನೋಡಿದ್ದುಂಟು. ಮುಖಗಳು ಕಾಣುವುದಿಲ್ಲ, ಕೈಗಳು ಮಾತ್ರ ಕಾಣುತ್ತವೆ. ಎರಡು ದಿನ ಮೊದಲು, 26ರಂದು, ಲೋಕಸಭೆಗೆ ಮತದಾನವಾಗಿತ್ತು. ನೀರಿಗೆ ಚಾಚಿದ ಎಡಗೈಗಳ ತೋರುಬೆರಳಿನಲ್ಲಿ ಕಪ್ಪು ಶಾಯಿಯ ಗೆರೆ. ಬಳೆ ತೊಟ್ಟ ಕೈ, ದುಬಾರಿ ಗಡಿಯಾರದ ಕೈ, ಗ್ರೀಸು ಹಿಡಿದ ಉಗುರಿನ ಕೈ, ಎಲ್ಲಕ್ಕೂ ಅದೇ ಗೆರೆ, ಎಲ್ಲಕ್ಕೂ ಅದೇ ಬಾಟಲಿ. ಅತ್ತೆ ಹೇಳಿದ ಬಿದಿರಿನ ದೋಣಿ ನೆನಪಾಗಿ, ಒಂದು ವಿಷಯದಲ್ಲಾದರೂ ನಮ್ಮ ಅರವಟ್ಟಿಗೆ ಅವರದಕ್ಕಿಂತ ಮೇಲೆಂದು ಸಮಾಧಾನವಾಯಿತು.

ಆ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ. ಓಡುವವರು ಬಾಟಲಿ ತೆಗೆದುಕೊಂಡು, ಎರಡು ಗುಟುಕು ಕುಡಿದು, ಉಳಿದದ್ದನ್ನು ಹಾಗೆಯೇ ರಸ್ತೆಗೆ ಎಸೆಯುತ್ತಿದ್ದರು. ಅರ್ಧ ತುಂಬಿದ ಬಾಟಲಿಗಳು ಟಪಟಪನೆ ಬಿದ್ದು, ಗಳಗಳನೆ ನೀರು ಕಾರಿ, ಡಾಂಬರಿನ ಮೇಲೆ ಹರಿದು ಮೋರಿ ಸೇರುತ್ತಿತ್ತು. ನನ್ನೊಳಗಿನ ಲೆಕ್ಕದ ಮೇಡಂ ಎದ್ದು ಕುಳಿತಳು. ಇಪ್ಪತ್ತು ಸಾವಿರ ಜನ, ತಲೆಗೆ ಕಾಲು ಲೀಟರು: ಐದು ಸಾವಿರ ಲೀಟರು. ಅರ್ಧ ಚೆಲ್ಲಿದರೆ ಎರಡೂವರೆ ಸಾವಿರ. ಒಂದು ಟ್ಯಾಂಕರಿನ ಹತ್ತಿರಹತ್ತಿರ ಅರ್ಧ! ನಮ್ಮ ಎಂಟು ಮನೆಗಳ ಒಂದು ದಿನದ ಬಾಳು ನನ್ನ ಕಾಲಬಳಿ ಹರಿದು ಹೋಗುತ್ತಿತ್ತು. ಕಾವೇರಿಯ ನೀರು ಸುಮಾರು ನೂರು ಕಿಲೊಮೀಟರು ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಿನ ತಳ್ಳು ಪಡೆದು ಬೆಟ್ಟ ಹತ್ತಿದ ಹಾಗೆ ಈ ನಗರಕ್ಕೆ ಏರಿ ಬರುತ್ತದೆಂಬುದು ಇವರಿಗೆ ಗೊತ್ತಿಲ್ಲವೇ ಎಂದು ಹೊಟ್ಟೆ ಉರಿಯಿತು.

ಅಲ್ಲಿಂದ ನಾನು ನೀರು ಕೊಡುವವಳಾಗಿ ಉಳಿಯಲಿಲ್ಲ. ಪರೀಕ್ಷೆಯ ಕೊಠಡಿಯ ಮೇಲ್ವಿಚಾರಕಿಯಾದೆ. “ಪೂರ್ತಿ ಕುಡಿದು ಬಿಸಾಡಿ”, “ಒಬ್ಬರಿಗೆ ಒಂದೇ”, “ಏನಮ್ಮ, ಚೆಲ್ಲಬೇಡ”, ಹೀಗೆ ಬಾಯಿ ಬಿಡುವಿಲ್ಲದೆ ನಡೆಯಿತು. ಪಕ್ಕದ ಮನೆಯ ಹುಡುಗಿ, “ಆಂಟಿ, ಅವರು ಓಡ್ತಾ ಇದಾರೆ, ನಿಂತು ಕುಡಿಯೋಕಾಗಲ್ಲ” ಎಂದು ಮೆಲ್ಲಗೆ ಹೇಳಿದಳು. ನಾನು ಕೇಳಿಸಿಕೊಳ್ಳಲಿಲ್ಲ.

ಏಳು ಗಂಟೆಯ ಹೊತ್ತಿಗೇ ಬಿಸಿಲಿಗೆ ಚುರುಕು ಬಂದಿತ್ತು. ಆಗ ಬರುತ್ತಿದ್ದವರು ಗುಂಪಿನ ಕಡೆಯವರು, ಓಟ ಎಂಬುದು ನಡಿಗೆಯ ಕಡೆಗೆ ವಾಲಿದವರು. ಐವತ್ತರ ಆಸುಪಾಸಿನ ಒಬ್ಬರು ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು, ಒಂದು ಗುಟುಕನ್ನೂ ಕುಡಿಯದೆ, ಅಷ್ಟನ್ನೂ ತಲೆಯ ಮೇಲೆ ಸುರಿದುಕೊಂಡು, ಇನ್ನೊಂದಕ್ಕೆ ಕೈ ನೀಡಿದರು. ನನ್ನ ತಾಳ್ಮೆಯ ಎಳೆ ಕಡಿಯಿತು. ಬಾಟಲಿಯನ್ನು ಹಿಂದಕ್ಕೆ ಎಳೆದುಕೊಂಡು, “ಇದು ಕುಡಿಯೋದಕ್ಕೆ ಸ್ವಾಮಿ, ಸ್ನಾನ ಮಾಡೋದಕ್ಕಲ್ಲ” ಎಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿದರು. ಏನೂ ಹೇಳಲಿಲ್ಲ. ನೀಡಿದ್ದ ಕೈಯನ್ನು ಇಳಿಸಿಕೊಂಡು ಮುಂದೆ ನಡೆದರು. ನಾನು ಎರಡೂವರೆ ಸಾವಿರ ಲೀಟರಿನಲ್ಲಿ ಕಾಲು ಲೀಟರನ್ನು ಉಳಿಸಿದ ತೃಪ್ತಿಯಲ್ಲಿದ್ದೆ.

ಐದು ನಿಮಿಷವೂ ಆಗಿರಲಾರದು. ನೂರು ಹೆಜ್ಜೆ ಮುಂದೆ ಒಂದಷ್ಟು ಜನ ಕವಿದುಕೊಂಡರು. ನಮ್ಮ ಹುಡುಗಿ ಎರಡು ಬಾಟಲಿಗಳನ್ನು ಎತ್ತಿಕೊಂಡು ಆ ಕಡೆಗೆ ಓಡಿದಳು. ನಾನೂ ಹಿಂದೆಯೇ ಹೋದೆ. ಅದೇ ಮನುಷ್ಯರು. ಕಾಲುದಾರಿಯ ಅಂಚಿನಲ್ಲಿ ಕುಸಿದು ಕುಳಿತಿದ್ದರು. ಮುಖ ಬಿಳಿಚಿಕೊಂಡಿತ್ತು, ಕಣ್ಣು ಮೇಲೆ ಮೇಲೆ ಆಡುತ್ತಿತ್ತು. ಪ್ರಥಮ ಚಿಕಿತ್ಸೆಯ ತಂಡದ ತರುಣ ವೈದ್ಯೆಯೊಬ್ಬಳು ಬಂದು ಅವರನ್ನು ಮರದ ನೆರಳಿಗೆ ಸರಿಸಿ ಮಲಗಿಸಿ, ಕಾಲುಗಳನ್ನು ಎತ್ತರಿಸಿ, ನಾಡಿ ಹಿಡಿದು ನೋಡಿದಳು. ಆಮೇಲೆ ನಮ್ಮ ಹುಡುಗಿಯ ಕೈಯಿಂದ ಬಾಟಲಿ ತೆಗೆದುಕೊಂಡು ಮಾಡಿದ ಮೊದಲ ಕೆಲಸವೆಂದರೆ ಅಷ್ಟನ್ನೂ ಅವರ ತಲೆಗೆ, ಕತ್ತಿಗೆ, ಎದೆಗೆ ಸುರಿದದ್ದು! “ಇನ್ನೊಂದು ಕೊಡಿ” ಎಂದಳು. ಅದನ್ನೂ ಸುರಿದಳು. “ಇನ್ನೆರಡು ತನ್ನಿ.”

ನಾನು ಓಡಿಹೋಗಿ ನಾಲ್ಕು ತಂದೆ. ಕೈ ನಡುಗುತ್ತಿತ್ತು.

“ಮೈ ಒಳಗೆ ಕಾದಿದೆ. ತಣಿಸಬೇಕು. ಬರೀ ಕುಡಿಸಿದರೆ ಸಾಲದು, ಮೈ ಒದ್ದೆಯಾಗಿದ್ದರೆ ಬೇಗ ತಣಿಯುತ್ತೆ” ಎಂದು ವೈದ್ಯೆ ಸುತ್ತಲಿನವರಿಗೆ ವಿವರಿಸಿದಳು. ನೀರು ಆವಿಯಾಗುವಾಗ ತನ್ನೊಡನೆ ಕಾವನ್ನು ಹೊತ್ತುಕೊಂಡು ಹೋಗುತ್ತದೆ. ಹೂಜಿಯ ನೀರು ತಣ್ಣಗಿರುವುದು ಇದೇ ಕಾರಣದಿಂದ. ಬೆವರು ಮಾಡುವುದೂ ಇದೇ ಕೆಲಸ. ಇದನ್ನು ನಾನು ಏಳನೆಯ ತರಗತಿಗೆ ಮೂವತ್ತು ವರ್ಷ ಪಾಠ ಹೇಳಿದ್ದೆ. ಕರಿಹಲಗೆಯ ಮೇಲೆ ಹೂಜಿಯ ಚಿತ್ರ ಬರೆದು, ಬಾಣದ ಗುರುತು ಹಾಕಿ, ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿ, ತಪ್ಪು ಬರೆದವರಿಗೆ ಅಂಕ ಕಳೆದಿದ್ದೆ! ತನ್ನ ಮೈ ಬೇಡಿದ್ದನ್ನು ಬಲ್ಲ ಮನುಷ್ಯ ಅದನ್ನೇ ಕೇಳಿ ಕೈ ನೀಡಿದಾಗ ನನಗೆ ನೆನಪಾದದ್ದು ಟ್ಯಾಂಕರಿನ ದರ.

ಹತ್ತು ನಿಮಿಷದಲ್ಲಿ ಅವರು ಎದ್ದು ಕುಳಿತರು. ಬೆಳಗ್ಗೆ ಏನೂ ತಿಂದಿರಲಿಲ್ಲವೆಂದೂ, ಮೊದಲ ಐದು ಕಿಲೊಮೀಟರುಗಳನ್ನು ಹುಮ್ಮಸ್ಸಿನಲ್ಲಿ ವೇಗವಾಗಿ ಓಡಿಬಿಟ್ಟೆನೆಂದೂ ವೈದ್ಯೆಯೊಡನೆ ಹೇಳುತ್ತಿದ್ದರು. ಇನ್ನೊಂದು ಬಾಟಲಿ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ನಾನು ವೈದ್ಯೆಯನ್ನು ಬದಿಗೆ ಕರೆದು ಕೇಳಿದೆ. “ಹಾಗೆ ಹೇಳೋಕಾಗಲ್ಲ ಮೇಡಂ, ಒಂದು ಬಾಟಲಿಯಿಂದ ಅಷ್ಟು ವ್ಯತ್ಯಾಸ ಆಗ್ತಿತ್ತೋ ಇಲ್ಲವೋ” ಎಂದಳು. ನನ್ನನ್ನು ಸಮಾಧಾನಪಡಿಸಲು ಹೇಳಿದ್ದೋ, ನಿಜವೋ, ತಿಳಿಯದು. ನಿಜವೇ ಇರಬಹುದು. ಆದರೆ ಅದು ನನ್ನ ಪಾಲಿನ ತಪ್ಪನ್ನು ಕಡಿಮೆ ಮಾಡಲಾರದು; ನಾನು ಕೈ ಹಿಂದಕ್ಕೆ ಎಳೆದುಕೊಂಡಾಗ ಅವರಿಗೆ ಏನಾಗುವುದೆಂದು ತಿಳಿದೇನೂ ಎಳೆದುಕೊಂಡಿರಲಿಲ್ಲವಷ್ಟೆ.

ಹತ್ತಿರ ಹೋಗಿ, “ತಪ್ಪಾಯ್ತು, ನಾನು ಹಾಗೆ ಅನ್ನಬಾರದಾಗಿತ್ತು” ಎಂದೆ. ಅವರು ಒದ್ದೆ ತಲೆಯನ್ನು ಒರೆಸಿಕೊಳ್ಳುತ್ತ ನನ್ನ ಗುರುತು ಹಿಡಿದರು.

“ಬಿಡಿ ಅಮ್ಮ,” ಎಂದರು. “ನಮ್ಮ ಮನೇಲೂ ಟ್ಯಾಂಕರ್ ನೀರೇ.”

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ನಾನು ಯಾಕೆ ಹಾಗೆ ಅಂದೆನೆಂದು ನಾನು ಹೇಳುವ ಮೊದಲೇ ಅವರಿಗೆ ತಿಳಿದಿತ್ತು. ಆದ್ದರಿಂದಲೇ ಅವರು ಆಗ ಎದುರು ಮಾತಾಡದೆ ಮುಂದೆ ನಡೆದಿದ್ದರು. ಕಡೆಗೆ ಅವರನ್ನು ವಾಹನದಲ್ಲಿ ಕೂರಿಸಿ ಕಳುಹಿಸಿದರು. ಹತ್ತು ಕಿಲೊಮೀಟರು ಪೂರ್ತಿಯಾಗಲಿಲ್ಲ.

ಮರಳಿ ಮೇಜಿಗೆ ಬಂದು ಎರಡೂ ಕೈಗಳಲ್ಲಿ ಬಾಟಲಿ ಹಿಡಿದು ನಿಂತೆ. ಯಾರಿಗೂ ಏನೂ ಹೇಳಲಿಲ್ಲ. ಜಗತ್ತಿನ ಓಟಗಾರರು ನಮ್ಮ ರಸ್ತೆಯನ್ನು ಹಾದದ್ದು ಯಾವಾಗ ಎಂದು ಕೇಳಿದರೆ, ನಾನು ಹೊಸ ಪೆಟ್ಟಿಗೆ ಬಿಚ್ಚಲು ಬಗ್ಗಿದ್ದಾಗ ಎಂದಷ್ಟೇ ಹೇಳಬಲ್ಲೆ. “ಬಂದ್ರು, ಬಂದ್ರು” ಎಂಬ ಕೂಗು ಕೇಳಿಸಿತು. ನಾನು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ತೆಳ್ಳನೆಯ ಐದಾರು ಬೆನ್ನುಗಳು ತಿರುವಿನಲ್ಲಿ ಕರಗಿದವು. ಮರುದಿನ ಪತ್ರಿಕೆಯಲ್ಲಿ ಓದಿದೆ: ಕೆನ್ಯದ ಪೀಟರ್ ಮ್ವಾನಿಕಿ 28 ನಿಮಿಷ 15 ಸೆಕೆಂಡುಗಳಲ್ಲಿ, ಮಹಿಳೆಯರಲ್ಲಿ ಕೆನ್ಯದವರೇ ಆದ ಲಿಲಿಯನ್ ಕಸೈಟ್ 30 ನಿಮಿಷ 56 ಸೆಕೆಂಡುಗಳಲ್ಲಿ ಗೆದ್ದಿದ್ದರು. ಅಂದರೆ ಗಂಟೆಗೆ ಇಪ್ಪತ್ತೊಂದು ಕಿಲೊಮೀಟರಿನ ವೇಗ. ನಮ್ಮ ಉತ್ತರಹಳ್ಳಿ ರಸ್ತೆಯಲ್ಲಿ ಸಂಜೆಯ ಹೊತ್ತು ಯಾವ ಬಸ್ಸಿಗೂ ಇದು ಸಾಧ್ಯವಿಲ್ಲ.

ರಸ್ತೆ ಖಾಲಿಯಾದ ಮೇಲೆ ಬಾಟಲಿಗಳನ್ನು ಆರಿಸಿ ಚೀಲಕ್ಕೆ ತುಂಬುವ ಕೆಲಸ. ಅರ್ಧ ತುಂಬಿದ್ದವನ್ನೆಲ್ಲ ಬಗ್ಗಿಸಿ ನಾನೂ ಹುಡುಗಿಯೂ ಬದಿಯ ಮರಗಳ ಬುಡಕ್ಕೆ ಸುರಿದೆವು. ಹೆಚ್ಚು ಉಳಿಯಲಿಲ್ಲ, ಆದರೂ ಒಣಗಿದ ಮಣ್ಣು ಬುಸುಗುಟ್ಟಿ ಕುಡಿಯಿತು. ಹಲಸೂರಿನಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಕೋಣನಕುಂಟೆ ಕ್ರಾಸಿನಲ್ಲಿ ಇಳಿಯುವ ಹೊತ್ತಿಗೆ ಬಿಸಿಲು ಉರಿಯುತ್ತಿತ್ತು. ಆ ದಿನ ನಗರದ ಉಷ್ಣತೆ 38.5 ಡಿಗ್ರಿಗೆ ಮುಟ್ಟಿತು. ಬೆಂಗಳೂರಿಗೆ ಅದು ಅಪರೂಪದ ಸೆಕೆ.

ಮನೆಯಲ್ಲಿ ಅತ್ತೆ ಕಾದಿದ್ದರು. “ಎಷ್ಟು ಜನಕ್ಕೆ ಕೊಟ್ಟೆ?” ಎಂದು ಕೇಳಲಿಲ್ಲ. “ಎಲ್ಲರೂ ಸಾಕು ಅಂದರೇನೆ?” ಎಂದು ಕೇಳಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ನಮ್ಮ ಮನೆಯವರು ಪತ್ರಿಕೆಯನ್ನು ಮಡಿಸಿಟ್ಟು ಕೇಳಿದರು, ತಮಾಷೆ ಮಾಡಲಿಲ್ಲ. ಅತ್ತೆ ಮಾತ್ರ, “ನೀನು ನೀರನ್ನ ನೋಡಿದೆ ಕಣೆ, ಬಾಯಾರಿದವರನ್ನ ನೋಡಲಿಲ್ಲ. ನಾವೂ ಬಿದಿರಿನ ದೋಣಿ ಹಿಡಿದಾಗ ಹಾಗೇ” ಎಂದು ಮಗ್ಗುಲಾದರು.

ಆ ವಾರವೆಲ್ಲ ನಾನು ಓಟದ ಚರಿತ್ರೆ ಹುಡುಕಿ ಓದಿದೆ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟ ಉರಿಯುವ ಬಿಸಿಲಿನಲ್ಲಿ, ಧೂಳಿನ ರಸ್ತೆಯಲ್ಲಿ ನಡೆಯಿತು. ನೀರು ಕಡಿಮೆಯಾದರೆ ಮೈಗೆ ಏನಾಗುತ್ತದೆಂದು ನೋಡುವ ಕುತೂಹಲದಿಂದ ಜೇಮ್ಸ್ ಸಲಿವನ್ ಎಂಬ ವ್ಯವಸ್ಥಾಪಕ ದಾರಿಯುದ್ದಕ್ಕೂ ನೀರು ಸಿಗದಂತೆ ಬಿಗಿ ಮಾಡಿದ್ದನಂತೆ. ಹೊರಟವರು 32 ಮಂದಿ, ಮುಟ್ಟಿದವರು 14. ಈ ಸಲಿವನ್ನನ ಹೆಸರು ಓದಿದಾಗ ನನಗೆ ಯಾರೋ ಪರಿಚಿತರನ್ನು ಕಂಡ ಹಾಗಾಯಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಜರೊ ಬಿಸಿಲಿನಿಂದ ಕಾಪಾಡಿಕೊಳ್ಳಲು ಮೈಗೆಲ್ಲ ಕೊಬ್ಬು ಸವರಿಕೊಂಡು ಓಡಿ, ಬೆವರು ಹೊರಬರಲಾರದೆ, ಕಾವು ಒಳಗೇ ಉಳಿದು ಕುಸಿದು ತೀರಿಕೊಂಡನೆಂದು ಹೇಳುತ್ತಾರೆ. ಅದೇ ಓಟದಲ್ಲಿ ಜಪಾನಿನ ಶಿಜೊ ಕನಕುರಿಯೂ ಸೆಕೆಗೆ ಸೋತು ದಾರಿ ಬದಿಯ ಒಂದು ಮನೆಯ ತೋಟಕ್ಕೆ ಹೊಕ್ಕ. ಮನೆಯವರು ಕುಡಿಯಲು ಹಣ್ಣಿನ ರಸ ಕೊಟ್ಟು ಉಪಚರಿಸಿದರು. ಓಟ ಮುಗಿಸಲಾಗದ ನಾಚಿಕೆಯಿಂದ ಅವನು ಯಾರಿಗೂ ಹೇಳದೆ ಊರಿಗೆ ಹೋದ. 1967ರಲ್ಲಿ ಸ್ವೀಡನ್ನಿನವರು ಅವನನ್ನು ಮತ್ತೆ ಕರೆಸಿ, ಉಳಿದ ಓಟವನ್ನು ಮುಗಿಸುವ ಅವಕಾಶ ಕೊಟ್ಟರು. ಹೊರಟ ಗಳಿಗೆಯಿಂದ ಲೆಕ್ಕ ಹಾಕಿದರೆ 54 ವರ್ಷ, 8 ತಿಂಗಳು, 6 ದಿನಗಳ ಮೇಲೆ! ಪದಕ ಗೆದ್ದ ಎಷ್ಟೋ ಮಂದಿಗಿಂತ ಅವನ ಕಥೆ ಬಹಳ ಕಾಲ ಬಾಳಿದೆ. ಆ ತೋಟದ ಮನೆಯವರು ಅವನಿಗೆ ಎಷ್ಟು ಲೋಟ ಕೊಟ್ಟರೆಂದು ಲೆಕ್ಕವಿಟ್ಟಿರಲಾರರು.

ಹಾಗೆಂದು ನೀರನ್ನು ಚೆಲ್ಲಬಹುದೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ನನ್ನ ಖಾತೆ ಇಂದಿಗೂ ಅಷ್ಟೇ ಬಿಗಿ. 2024ರ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಉದ್ಘಾಟನೆಯಾದ ಮೇಲೂ ನಾವು ಅಕ್ಕಿ ತೊಳೆದ ನೀರನ್ನು ತುಳಸಿಗೇ ಹಾಕುತ್ತೇವೆ. ಆದರೆ ಲೆಕ್ಕವನ್ನು ನನ್ನ ತಂಬಿಗೆಯಲ್ಲಿ ಇಡಬೇಕು, ಇನ್ನೊಬ್ಬರ ಬೊಗಸೆಯಲ್ಲಿ ಅಲ್ಲ. ಆ ಮೇ ತಿಂಗಳಿನಿಂದ ನಮ್ಮ ಕಟ್ಟಡದ ಗೇಟಿನ ಬಳಿ, ಒದ್ದೆ ಮರಳಿನ ಮೇಲೆ, ಒಂದು ಮಣ್ಣಿನ ಮಡಕೆ ಕುಳಿತಿದೆ. ಬೀದಿ ಗುಡಿಸುವ ಹೆಂಗಸರು, ಮನೆ ಮನೆಗೆ ಸಾಮಾನು ತಲುಪಿಸುವ ಹುಡುಗರು ಕುಡಿಯುತ್ತಾರೆ. ಒಬ್ಬ ಹುಡುಗ ಒಮ್ಮೆ ಅರ್ಧ ಲೋಟ ಕುಡಿದು ಉಳಿದದ್ದನ್ನು ಕತ್ತಿನ ಹಿಂದೆ ಸುರಿದುಕೊಂಡ. ನಾನು ಮೇಲಿನಿಂದ ನೋಡುತ್ತಿದ್ದೆ. ಸುಮ್ಮನಿದ್ದೆ.

ಮರುವರ್ಷ, 2025ರ ಏಪ್ರಿಲ್ 27ರ ಓಟಕ್ಕೆ ಮತ್ತೆ ಹೋದೆ. ಆ ಸಲ ಗೆದ್ದವರು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಟದ ಚಿನ್ನ ಪಡೆದ ಉಗಾಂಡದ ಜೋಶುವಾ ಚೆಪ್ಟೆಗೈ. “ಒಲಿಂಪಿಕ್ ಚಾಂಪಿಯನ್ನನ್ನ ಕಣ್ಣಾರೆ ಕಂಡೆಯೋ?” ಎಂದು ನಮ್ಮ ಮನೆಯವರು ಕೇಳಿದರು.

“ಇಲ್ಲ,” ಎಂದೆ. “ಬಗ್ಗಿ ಪೆಟ್ಟಿಗೆ ಬಿಚ್ಚುತ್ತಿದ್ದೆ.”